ಕೂತವರ ಸೈನ್ಯ

ಮೊಮ್ಮಗಳು ನಿನ್ನೆ ಅಳುತ್ತ ಬಂದಳು. ಗೆಳತಿಯ ಮನೆಯಲ್ಲಿ ಮೇಜಿನ ಮೇಲೆ ಬೆರಳುದ್ದದ ಸೈನಿಕರನ್ನು ಸಾಲಾಗಿ ನಿಲ್ಲಿಸಿ ಯುದ್ಧದ ಆಟ ಆಡಿದರಂತೆ, ಇವಳು ಸೋತಳಂತೆ. ಅತ್ತಳು, ಮೂಗು ಒರೆಸಿಕೊಂಡಳು, ನೀರು ಕುಡಿದಳು. ಆಮೇಲೆ ಹಲ್ಲು ಕಚ್ಚಿ, "ಅಜ್ಜಿ, ಈ ಸೈನ್ಯ ನಂಗೆ ಬೇಡ. ಹೊಸಾ ಸೈನ್ಯ ಕಟ್ತೆ. ಅವ್ಳನ್ನ ಮಾತ್ರ ಬಿಡೂದಿಲ್ಲ" ಎಂದಳು.

ಅಯ್ಯೋ ದೇವರೇ, ನನಗಾದ ಸಂತೋಷ ಯಾರಿಗೆ ಹೇಳಲಿ! ಮಕ್ಕಳು ಅಳುವಾಗ ನಗಬಾರದು, ಆದರೂ ನಕ್ಕುಬಿಟ್ಟೆ. ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡೆ. ನನ್ನ ಮೂಗು, ನನ್ನ ಗುಂಗುರು ಕೂದಲು ಅವಳಿಗೆ ಬಂದಿದೆ ಎಂದು ಎಲ್ಲರೂ ಹೇಳುತ್ತಿದ್ದರು. ನನ್ನ ಸಿಟ್ಟೂ ಬಂದಿದೆ ಎಂದು ನಿನ್ನೆ ಗೊತ್ತಾಯಿತು. ಅದಕ್ಕೇ ಇವತ್ತು ಬೆಳಿಗ್ಗೆಯೇ ಬರೆಯಲು ಕೂತಿದ್ದೇನೆ. ಓದು ನನಗೆ ಎರಡನೇ ಇಯತ್ತೆಗೆ ನಿಂತಿತು. ಅಕ್ಷರ ಸೊಟ್ಟ, ಆದರೆ ನೆನಪು ನೆಟ್ಟಗಿದೆ.

ಉಪ್ಪಿನ ಸತ್ಯಾಗ್ರಹದ ಗಲಾಟೆ ಮುಗಿದು ನಾಲ್ಕೈದು ಮಳೆಗಾಲ ಕಳೆದಿದ್ದ ಕಾಲ ಅದು. ನನಗೆ ಹತ್ತೋ ಹನ್ನೊಂದೋ ಇರಬೇಕು. ಅಂಕೋಲೆಯಲ್ಲಿ ನಮ್ಮ ಮನೆ, ಮನೆಯ ಹಿಂದೆ ಗದ್ದೆ, ಗದ್ದೆ ಮುಗಿದಲ್ಲಿ ಗಜನಿ. ಉಬ್ಬರಕ್ಕೆ ಸಮುದ್ರದ ನೀರು ಹಳ್ಳ ಹತ್ತಿ ಬಂದು ನಿಲ್ಲುವ ತಗ್ಗು ನೆಲವನ್ನು ನಾವು ಗಜನಿ ಎನ್ನುತ್ತೇವೆ. ಮಳೆಗಾಲದಲ್ಲಿ ಅಲ್ಲಿ ಉಪ್ಪು ತಡೆಯುವ ಕಗ್ಗ ಭತ್ತ ಬೆಳೆಯುತ್ತದೆ. ಬೆಳೆ ತೆಗೆದ ಮೇಲೆ ಸಿಗಡಿ, ಏಡಿ.

ಅಪ್ಪ, ಅವ್ವ ಹೊತ್ತು ಮೂಡುವುದರೊಳಗೆ ಗದ್ದೆಗೆ ಇಳಿಯುವವರು. ಮನೆಯಲ್ಲಿ ಉಳಿಯುತ್ತಿದ್ದವರು ನಾನು ಮತ್ತು ಅಜ್ಜ. ಅಜ್ಜ ಒಂದು ಕಾಲದಲ್ಲಿ ನೇಗಿಲು, ನೊಗ, ಬಾಗಿಲು, ತೊಟ್ಟಿಲು ಎಲ್ಲ ತಾನೇ ಮಾಡುತ್ತಿದ್ದ ಕೈಗಾರ. ಆಮೇಲೆ ಕಣ್ಣಿಗೆ ಪೊರೆ ಬಂತು. ಪೂರ್ತಿ ಕತ್ತಲಾಗುವ ಮೊದಲು ಅವನು ಮಾಡಿದ ಕೊನೆಯ ಕೆಲಸ ಒಂದು ಬೊಂಬೆ. ಹಲಸಿನ ಮರದ ತಿರುಳಿನಲ್ಲಿ ಕೆತ್ತಿದ ದಳವಾಯಿ. ಗೇಣಿಗಿಂತ ಸ್ವಲ್ಪ ಗಿಡ್ಡ, ತಲೆಗೆ ರುಮಾಲು, ಸೊಂಟದಲ್ಲಿ ಕತ್ತಿ. ಮೂಗು ಕೆತ್ತುವಾಗ ಉಳಿ ಜಾರಿ ಮೂಗಿನ ತುದಿ ಹಾರಿಹೋಗಿತ್ತು. "ಯುದ್ಧಕ್ಕೆ ಹೋಗೂಕೆ ಮೊದ್ಲೇ ಗಾಯ ಆಯ್ತಲ್ಲೇ!" ಎಂದು ಅಜ್ಜ ನಕ್ಕಿದ್ದ. ಅದನ್ನು ನನಗೆ ಕೊಟ್ಟ.

ಆಟವನ್ನೂ ಅವನೇ ಕಟ್ಟಿದ್ದ. ಹಳೆಯ ಬಾಗಿಲಿನ ಹಲಗೆಯನ್ನು ಎರಡು ಮಣೆಗಳ ಮೇಲೆ ಅಡ್ಡ ಮಲಗಿಸುವುದು. ಆಚೆ ತುದಿ ಒಬ್ಬರದು, ಈಚೆ ತುದಿ ಒಬ್ಬರದು. ಇಬ್ಬರಿಗೂ ಹನ್ನೆರಡು ಹನ್ನೆರಡು ಆಳು, ಹಿಂದೆ ಒಬ್ಬ ದಳವಾಯಿ. ಸರದಿ ಬಂದಾಗ ಒಂದು ಆಳನ್ನು ಒಂದು ಗೇಣು ಮುಂದೆ ಸರಿಸಬೇಕು, ಇಲ್ಲವಾದರೆ ಆ ಆಳಿನ ಪಕ್ಕದಿಂದ ಗೋಲಿಯಂಥ ಒಂದು ಹೊನ್ನೆಕಾಯಿ ಚಿಮ್ಮಿ ಎದುರಿನವನಿಗೆ ಹೊಡೆಯಬೇಕು, ಎರಡೂ ಬೇಡವಾದರೆ ಸರದಿ ಬಿಟ್ಟುಕೊಡಬಹುದು. ಬಿದ್ದವನು ಸತ್ತ. ಆಳೆಲ್ಲ ಬಿದ್ದರೆ ಸೋತಹಾಗೆ. ಸೋತವರ ದಳವಾಯಿ ಗೆದ್ದವರ ಸೆರೆ. ಬಿಡಿಸಿಕೊಳ್ಳಬೇಕಾದರೆ ಇನ್ನೊಂದು ಯುದ್ಧ ಮಾಡಿಯೇ ಬಿಡಿಸಿಕೊಳ್ಳಬೇಕು, ಬೇಡಿ ತರುವಂತಿಲ್ಲ. ಅಜ್ಜ ಈ ಕೊನೆಯ ಕಟ್ಟಳೆಯನ್ನು ಎರಡೆರಡು ಸಲ ಹೇಳಿಕೊಟ್ಟಿದ್ದ.

ನಾನು ಅಜ್ಜನ ಜೊತೆಗೇ ಆಡುತ್ತಿದ್ದೆ. ಅವನು ಕೈಯಿಂದ ತಡವಿ ಗುರಿ ನೋಡುತ್ತಿದ್ದ. ಆಟ ಮುಗಿದ ಮೇಲೆ ದಿನಾ ಸಂಜೆ, "ಎಲ್ಲಿ, ದಳವಾಯಿನ ಕೊಡು" ಎಂದು ಇಸಿದುಕೊಂಡು ಹೆಬ್ಬೆರಳಿನಿಂದ ಆ ಮುರಿದ ಮೂಗನ್ನು ಒಂದು ಸಲ ಸವರಿ ಹಿಂದೆ ಕೊಡುತ್ತಿದ್ದ. ತಾನು ಮಾಡಿದ ವಸ್ತುಗಳಲ್ಲಿ ಅವನ ಕೈಗೆ ಎಟಕುವಂಥದ್ದು ಅದೊಂದೇ ಉಳಿದಿತ್ತು.

ಆ ವರ್ಷ ಬೇಸಿಗೆ ರಜೆಗೆ ಕಾರವಾರದಿಂದ ಬಾವ ಬಂದ. ಬಾವ ಎಂದರೆ ನನ್ನ ಅಪ್ಪನ ತಂಗಿಯ ಮಗ. ನನಗಿಂತ ಮೂರು ವರ್ಷಕ್ಕೆ ದೊಡ್ಡವನು. ಅವನ ಅಪ್ಪನಿಗೆ ಬಂದರಿನ ಕಚೇರಿಯಲ್ಲಿ ನೌಕರಿ, ಶಿರವಾಡದಲ್ಲಿ ಮನೆ. ಬಾವ ಇಂಗ್ಲಿಷ್ ಶಾಲೆಗೆ ಹೋಗುತ್ತಿದ್ದ, ಕಾಲಿಗೆ ಬೂಟು ಹಾಕುತ್ತಿದ್ದ, ನಮ್ಮ ಮನೆಯ ಗಂಜಿ ಕಂಡರೆ ಮೂಗು ಮುರಿಯುತ್ತಿದ್ದ. ಅವನ ಟ್ರಂಕಿನಲ್ಲಿ ಒಂದು ರಟ್ಟಿನ ಡಬ್ಬಿ ಇತ್ತು. ಅದರಲ್ಲಿ ಬೊಂಬಾಯಿಯಿಂದ ಆಗಬೋಟಿನಲ್ಲಿ ಬಂದ ಸೀಸದ ಸೈನಿಕರು. ಕೆಂಪು ಅಂಗಿ, ಕರಿ ಟೋಪಿ, ಹೆಗಲ ಮೇಲೆ ಕೋವಿ. ಕುದುರೆಯ ಮೇಲೆ ಕೂತ ಕಪ್ತಾನ ಒಬ್ಬ, ಅವನ ಮೀಸೆಗೂ ಬಣ್ಣ.

ನಾನು ಅಂಥದ್ದನ್ನು ಕಂಡಿರಲಿಲ್ಲ. ಮುಟ್ಟಲು ಕೈ ಚಾಚಿದೆ.

"ಏ ಗಜನಿ ಏಡಿ, ಕೈ ತೊಳ್ಕಂಡಿಯಾ?" ಎಂದ ಬಾವ.

ಗಜನಿ ಏಡಿ! ಅವತ್ತಿನಿಂದ ಅವನು ನನಗೆ ಇಟ್ಟ ಹೆಸರು ಅದು. ಅವ್ವನೂ ನಕ್ಕಳು, ಅದು ಇನ್ನೂ ಉರಿಯಿತು.

"ನಂಗೂ ಸೈನ್ಯ ಅದೆ. ಆಡ್ತ್ಯಾ?" ಎಂದೆ.

ನನ್ನ ಸೈನ್ಯ ಗಜನಿಯ ಮಣ್ಣಿನದು. ಕರ್ರಗೆ, ನುಣ್ಣಗೆ, ಬೆಣ್ಣೆಯ ಹಾಗೆ ಇರುವ ಮಣ್ಣು ಅದು. ಹೇಗೆ ಒತ್ತಿದರೆ ಹಾಗೆ ಕೂರುತ್ತದೆ, ಬೆರಳಿನ ಗೆರೆ ಸಹಿತ ಮೂಡುತ್ತದೆ. ಬಿಸಿಲಿಗೆ ಇಟ್ಟರೆ ಒಂದೇ ದಿನಕ್ಕೆ ಕಲ್ಲಿನಂತೆ ಗಟ್ಟಿ. ಹನ್ನೆರಡು ಆಳು ಮಾಡಿ, ಕೈಯಲ್ಲಿ ತೆಂಗಿನ ಕಡ್ಡಿಯ ಈಟಿ ಸಿಕ್ಕಿಸಿ, ಮೈಗೆ ಇದ್ದಿಲು ತಿಕ್ಕಿದ್ದೆ. ಅಷ್ಟು ಚಂದದ ಆಳುಗಳು ಅಂಕೋಲೆಯಲ್ಲಿ ಇನ್ನೊಬ್ಬರ ಹತ್ತಿರ ಇರಲಿಲ್ಲ ಎಂದು ಎದೆ ಉಬ್ಬಿಸಿಕೊಂಡು ತಿರುಗುತ್ತಿದ್ದೆ.

ಆದರೆ ಗಜನಿಯ ಮಣ್ಣಿನಲ್ಲಿ ಉಪ್ಪಿದೆ. ಉಪ್ಪು ಸುಮ್ಮನಿರುತ್ತದೆಯೇ? ಮಳೆಗಾಲ ಹತ್ತಿರ ಬಂದು ಪಡುಗಾಳಿ ಬೀಸಿದ ದಿನ ಅಡುಗೆಮನೆಯ ಉಪ್ಪಿನ ಮರಿಗೆ ಹೇಗೆ ಬೆವರುತ್ತದೋ ಈ ಮಣ್ಣೂ ಹಾಗೇ ಬೆವರುತ್ತದೆ. ನಮ್ಮ ಕಡೆ ಯಾರೂ ಗಜನಿಯ ಮಣ್ಣಿನಲ್ಲಿ ಗೋಡೆ ಎಬ್ಬಿಸುವುದಿಲ್ಲ, ಒಲೆ ಹಾಕುವುದಿಲ್ಲ. ಗಜನಿಯ ಅಂಚಿನಲ್ಲೇ ಹುಟ್ಟಿದ ನನಗೆ ಅದು ಹೊಳೆಯಲಿಲ್ಲ. ಚಂದ ನೋಡಿ ಮೋಸ ಹೋದೆ.

ನಾವು ಆಡಿದ್ದು ಮೋಡ ಕಟ್ಟಿದ ದಿನ. ಹಲಗೆಯ ಮೇಲೆ ಸೈನ್ಯ ನಿಲ್ಲಿಸಿ ಅಜ್ಜನಿಗೆ ಗಂಜಿ ಕೊಟ್ಟು ಬರುವಷ್ಟರಲ್ಲಿ ನನ್ನ ಆಳುಗಳ ಮೈ ಮೇಲೆ ಸಣ್ಣ ಸಣ್ಣ ಹನಿ. ನಾನು ನೋಡಿದರೂ ಲೆಕ್ಕಿಸಲಿಲ್ಲ. ಮೊದಲ ಸರದಿ ನನ್ನದು. ಮುಂದಿನ ಆಳನ್ನು ಸೊಂಟಕ್ಕೆ ಹಿಡಿದು ಸರಿಸಿದೆ. ಸೊಂಟ ನನ್ನ ಕೈಗೆ ಬಂತು, ಕಾಲು ಎರಡೂ ಹಲಗೆಗೆ ಅಂಟಿ ಅಲ್ಲೇ ನಿಂತವು.

ಬಾವ ಹೊಟ್ಟೆ ಹಿಡಿದು ನಕ್ಕ. "ಅಗೋ, ನಿನ್ನ ಸಿಪಾಯಿ ಕಾಲು ಬಿಟ್ಟು ಓಡಿ ಬಂದ್ನಲ್ಲೇ! ಸತ್ತ, ಸತ್ತ!"

ಇನ್ನೊಂದನ್ನು ಮುಟ್ಟಿದೆ, ಅದೂ ಹಾಗೇ. ಮುಟ್ಟದೆ ಬಿಟ್ಟವನ್ನು ಅವನ ಹೊನ್ನೆಕಾಯಿ ನೋಡಿಕೊಂಡಿತು. ಮೆತ್ತಗಾದ ಮಣ್ಣು ತಪ್ಪ್ ತಪ್ಪ್ ಎಂದು ಕುಸಿಯಿತು. ಅವನ ಸೀಸದವರಲ್ಲಿ ಒಬ್ಬನೇ ಒಬ್ಬ ಬಿದ್ದದ್ದು. ಒಂದು ವೀಳ್ಯ ಹಾಕಿ ಉಗುಳುವಷ್ಟು ಹೊತ್ತಿನಲ್ಲಿ ನನ್ನ ಹನ್ನೆರಡೂ ಆಳು ಕೆಸರು. ಮರದ ದಳವಾಯಿ ಮಾತ್ರ ಹಿಂದೆ ನಿಂತಿದ್ದ, ಮುರಿದ ಮೂಗು ಎತ್ತಿಕೊಂಡು.

ಬಾವ ಅವನನ್ನು ರುಮಾಲು ಹಿಡಿದು ಎತ್ತಿ ಚಡ್ಡಿಯ ಕಿಸೆಗೆ ಹಾಕಿಕೊಂಡ.

"ಬಾವ, ಅದು ಅಜ್ಜ ಮಾಡದ್ದು. ಬೇರೆ ಎಂತಾದ್ರೂ ತಕ್ಕೊ" ಎಂದೆ. ಬೇಡಬಾರದು ಎಂಬ ಕಟ್ಟಳೆಯೇ ಮರೆತುಹೋಗಿತ್ತು.

"ಕಟ್ಟಳೆ ಕಟ್ಟಳೆನೇ. ಕೆಸರಲ್ಲಿ ಆಡೂದು ಬಿಟ್ಟು ಯುದ್ಧಕ್ಕೆ ಬಂದ್ರೆ ಹೀಗೇ ಆಗೂದು, ಏಡಿ."

ಎರಡು ದಿನಕ್ಕೆ ಮಳೆ ಹಿಡಿಯಿತು. ಮೂರನೇ ದಿನ ಅವನ ಅಪ್ಪ ಬಂದು ಕರೆದುಕೊಂಡು ಹೋದ. ನನ್ನ ದಳವಾಯಿಯೂ ಕಾರವಾರಕ್ಕೆ ಹೋದ.

ಸೋತ ದಿನ ಸಂಜೆಯೇ ಅಜ್ಜ ಎಂದಿನಂತೆ ಕೈ ಚಾಚಿದ್ದ. "ದಳವಾಯಿನ ಕೊಡು."

ನಾನು ಆಟ ಮುಗಿದಾಗಿನಿಂದ ಯೋಚನೆ ಮಾಡಿ ಒಂದು ಹಳೆಯ ನೊಗದ ಗೂಟವನ್ನು ಸಿದ್ಧ ಮಾಡಿಟ್ಟುಕೊಂಡಿದ್ದೆ. ಅಷ್ಟೇ ಉದ್ದ, ಅಷ್ಟೇ ದಪ್ಪ. ಅದನ್ನು ಅವನ ಕೈಯಲ್ಲಿಟ್ಟೆ. ಅಜ್ಜನ ಹೆಬ್ಬೆರಳು ಮೂಗನ್ನು ಹುಡುಕುತ್ತ ಮೇಲೆ ಹೋಯಿತು, ಕೆಳಗೆ ಬಂತು, ಮತ್ತೆ ಮೇಲೆ ಹೋಯಿತು. ನಾನು ಉಸಿರು ಬಿಗಿಹಿಡಿದು ನಿಂತಿದ್ದೆ. ಅವನು ಗೂಟವನ್ನು ನಿಧಾನವಾಗಿ ನನ್ನ ಕೈಗೆ ಕೊಟ್ಟ.

"ದಳವಾಯಿಗೆ ಜ್ವರ ಬಂದ ಹಾಗದೆ. ಮುಖ ಎಲ್ಲ ಇಳ್ದೋಗದೆ. ಮಲಗ್ಲಿ ಬಿಡು" ಎಂದ.

ಮರುದಿನ ಅವನು ಕೇಳಲಿಲ್ಲ. ಅದರ ಮರುದಿನವೂ ಕೇಳಲಿಲ್ಲ. ಬೈದಿದ್ದರೆ ಬೈಸಿಕೊಳ್ಳುತ್ತಿದ್ದೆ, ಹೊಡೆದಿದ್ದರೆ ಅಳುತ್ತಿದ್ದೆ. ಕೇಳದೆ ಇದ್ದನಲ್ಲ, ಅದನ್ನು ಏನು ಮಾಡಲಿ? ಸಂಜೆಯಾದರೆ ಅವನ ಹೆಬ್ಬೆರಳು ಸುಮ್ಮನೆ ತೋರುಬೆರಳಿನ ಮೇಲೆ ಆಡುವುದು, ಅಲ್ಲೊಂದು ಮೂಗು ಇದ್ದಂತೆ. ನಾನು ಅದನ್ನು ನೋಡುತ್ತ ಒಂದೇ ಮಾತನ್ನು ನೆನೆಯುತ್ತಿದ್ದೆ: ಬಾವನನ್ನು ಬಿಡಬಾರದು. ಬರೀ ಗೆದ್ದರೆ ಸಾಲದು. ಅವನದನ್ನೂ ಕಸಿದುಕೊಳ್ಳಬೇಕು. ಅವನ ಹೊಟ್ಟೆ ಉರಿಯಬೇಕು, ಆ ಉರಿ ಆರಬಾರದು.

ಇಡೀ ಆಷಾಢ ನಾನು ಮಾಡಿದ ಕೆಲಸ ಒಂದೇ. ಜಗಲಿಯ ಮೇಲೆ ಕೂತು ಹೊನ್ನೆಕಾಯಿ ಚಿಮ್ಮುವುದು. ಯಾವುದು ಬೀಳುತ್ತದೆ, ಯಾವುದು ಬೀಳುವುದಿಲ್ಲ ಎಂದು ನೋಡುವುದು. ಚಿಮಣಿ ಬುಡ್ಡಿ ಬಿತ್ತು, ಅವ್ವನಿಂದ ಒಂದು ಪೆಟ್ಟು. ಎಣ್ಣೆಯ ಕುಪ್ಪಿ ಬಿತ್ತು, ಎರಡು ಪೆಟ್ಟು. ಕೊಡೆ ಬಿತ್ತು, ಒನಕೆ ಬಿತ್ತು, ನಿಂತದ್ದೆಲ್ಲ ಬಿತ್ತು. ಗುರಿ ಮಾತ್ರ ದಿನದಿನಕ್ಕೆ ಹದವಾಯಿತು. ಗೋಡೆಯ ಮೇಲಿನ ಜಿರಲೆಯ ಮೀಸೆಗೆ ಹೊಡೆಯುವಷ್ಟು. ಪ್ರತಿ ಕಾಯಿಯೂ ಆ ಕಪ್ತಾನನ ಬಣ್ಣದ ಮೀಸೆಗೇ ಹೋಗಿ ಬಡಿದಂತೆ ನನಗೆ ಅನ್ನಿಸುತ್ತಿತ್ತು.

ಒಂದು ದಿನ ಒಣಮೀನು ಮಾರುವವಳು ಬಂದಳು. ಮಳೆಗೆ ಮೈ ಮೇಲೆ ಕಂಬಳಿಯ ಗೊಪ್ಪೆ ಹೊದ್ದು, ಬುಟ್ಟಿ ಇಳಿಸಿ, ಅಂಗಳದ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಅವ್ವನ ಜೊತೆ ಚೌಕಾಸಿ ಮಾಡುತ್ತಿದ್ದಳು. ನಾನು ಕಂಬದ ಮೇಲಿನ ತೆಂಗಿನ ಕರಟಕ್ಕೆ ಗುರಿಯಿಟ್ಟೆ. ಕಾಯಿ ಕಂಬಕ್ಕೆ ತಾಗಿ ಹಾರಿ ನೇರ ಅವಳ ಬೆನ್ನಿಗೆ ಬಡಿಯಿತು. ಫಟ್ ಎಂದು.

ನಾನು ಸತ್ತೆ ಎಂದುಕೊಂಡೆ. ಅವಳು ಕದಲಲಿಲ್ಲ. ಕತ್ತು ಸಹ ತಿರುಗಿಸದೆ ಮೀನು ಎಣಿಸಿ ಮುಗಿಸಿದಳು, ಆಮೇಲೆ ಬಾಯಿ ತೆರೆದಳು.

"ಯಾರದೇ ಅದು ಕೋತಿ? ನಾ ಉರುಳಿ ಬೀಳ್ತೆ ಅಂದ್ಕಂಡ್ಯೇನೇ? ಸಂತೇಲಿ ಗಾಳಿ ಬಂದಾಗ ಚಪ್ಪರ ಬಿದ್ದದೆ, ನಿಂತ ಗಂಡಸ್ರು ಬಿದ್ದವ್ರೆ. ಕೂತ ನನ್ನ ಬೀಳ್ಸೂಕೆ ಆ ಗಾಳಿ ಕೈಲೇ ಆಗ್ಲಿಲ್ಲ, ನಿನ್ನ ಕೈಲಿ ಆಗೂದಾ?"

ಅವ್ವ ನನ್ನ ಕಿವಿ ಹಿಂಡಿದಳು. ನನಗೆ ನೋವಾಗಲೇ ಇಲ್ಲ. ನಾನು ಅವಳನ್ನೇ ನೋಡುತ್ತಿದ್ದೆ. ಅಗಲವಾಗಿ ನೆಲಕ್ಕೆ ಕಚ್ಚಿದ ಪಾದ, ಮಡಚಿದ ಮೊಣಕಾಲು, ನಡುವೆ ಬುಟ್ಟಿ. ಕೆಳಗೆ ಅಗಲ, ಮೇಲೆ ಸಣ್ಣ. ಒರಳುಗಲ್ಲಿನ ಹಾಗೆ. ಅಯ್ಯೋ, ಯುದ್ಧದ ಆಳು ನಿಂತೇ ಇರಬೇಕು ಎಂದು ಯಾರು ಹೇಳಿದರು? ಅಜ್ಜನ ಕಟ್ಟಳೆಯಲ್ಲಿ ಹಾಗೆ ಎಲ್ಲಿದೆ?

ಅಜ್ಜನ ಹತ್ತಿರ ಓಡಿದೆ. "ಅಜ್ಜಾ, ಆಳು ಕೂತ್ಕಂಡಿದ್ರೆ ನಡೀತದಾ?"

ಅಜ್ಜನ ಮುಖದಲ್ಲಿ ಒಂದು ನಗು ಬಂತು, ಎಷ್ಟೋ ದಿನದ ಮೇಲೆ. "ಬಿದ್ದವ ಸತ್ತ ಅಂತ ಹೇಳಿದ್ದೆ. ಕೂತವ ಸತ್ತ ಅಂತ ನಾ ಯಾವಾಗ ಹೇಳಿದ್ದೆ?" ಎಂದ. ಯಾಕೆ, ಏನು ಎಂದು ಕೇಳಲಿಲ್ಲ.

ಇನ್ನು ಮಣ್ಣು. ಬಾಳೆಗುಳಿಯ ಕಡೆ ಗಡಿಗೆ ಮಾಡುವ ಒಬ್ಬ ಮುದುಕಿ ಇದ್ದಳು. ಅವಳ ಮುಂದೆ ನನ್ನ ಸೋಲಿನ ಕತೆ ಹೇಳಿದೆ.

"ಗಜನಿ ಮಣ್ಣಲ್ಲಿ ಬೊಂಬೆ ಮಾಡ್ದ್ಯಾ? ಉಪ್ಪಿನಕಾಯಿ ಹಾಕ್ಬೇಕಿತ್ತು ಅದ್ರಲ್ಲಿ!" ಎಂದು ಕೆಮ್ಮು ಬರುವಷ್ಟು ನಕ್ಕಳು. ಆದರೆ ಒಳ್ಳೆಯವಳು. ಕೆರೆಯ ತಳದ ಸಿಹಿ ಮಣ್ಣು ತೋರಿಸಿಕೊಟ್ಟಳು. ಬೊಂಬೆ ಗಟ್ಟಿಯಾಗಿ ತುಂಬಿದ್ದರೆ ಬೆಂಕಿಯಲ್ಲಿ ಸಿಡಿಯುತ್ತದೆ, ಕೆಳಗಿನಿಂದ ಹೆಬ್ಬೆರಳು ಹಾಕಿ ಹೊಟ್ಟೆ ಪೊಳ್ಳು ಮಾಡಬೇಕು ಎಂದು ಕಲಿಸಿದಳು. ಅದಕ್ಕೆ ಬದಲಾಗಿ ನಾನು ಅವಳ ಮಣ್ಣಿನ ಕಲ್ಲು ಆರಿಸಿದೆ, ತೆಂಗಿನ ಸಿಪ್ಪೆ ಹೊತ್ತು ಹಾಕಿದೆ. ಮಳೆಗಾಲದಲ್ಲಿ ಗಡಿಗೆ ಸುಡುವ ಆವಿಗೆ ಹಾಕುವುದಿಲ್ಲ. ಮಳೆ ಬಿಟ್ಟು ಮೊದಲ ಆವಿಗೆ ಇಡುವ ತನಕ ಕಾಯಬೇಕಾಯಿತು. ಕಾದೆ. ಸಿಟ್ಟಿಗೂ ಅಷ್ಟು ದಿನ ಬೇಯಲು ಸಿಕ್ಕಿತು.

ಹದಿನಾಲ್ಕು ಮಾಡಿದ್ದೆ, ಎರಡು ಬಿರುಕು ಬಿಟ್ಟವು, ಹನ್ನೆರಡು ಉಳಿದವು. ಎಲ್ಲರೂ ಹೆಂಗಸರು, ಎಲ್ಲರೂ ಕೂತವರು. ಬುಟ್ಟಿ ಮುಂದಿಟ್ಟುಕೊಂಡ ಮೀನಿನವಳು ಎಲ್ಲರಿಗಿಂತ ಮುಂದೆ. ಒಬ್ಬಳು ಬೀಸುವವಳು, ಒಬ್ಬಳು ಸಸಿ ಕೀಳುವವಳು, ಒಬ್ಬಳು ಮಗುವಿಗೆ ಮೊಲೆ ಕೊಡುವವಳು, ಒಬ್ಬಳು ಸೊಂಟದ ಮೇಲೆ ಕೈಯಿಟ್ಟು ಬೈಯುವವಳು. ಕೆಂಪಗೆ ಬೆಂದು, ತಟ್ಟಿದರೆ ಟಣ್ ಎನ್ನುತ್ತಿದ್ದರು. ಹೊಟ್ಟೆಯೊಳಗೆ ಕಡಲ ದಂಡೆಯ ಮರಳನ್ನು ತೊಳೆದು ಒಣಗಿಸಿ ತುಂಬಿದೆ. ಅವ್ವ ಬೇಸಿಗೆಯಲ್ಲಿ ಕಡ್ಡಿಗೆ ಸುತ್ತಿಟ್ಟಿದ್ದ ಹಲಸಿನ ಮೇಣ ಕಾಯಿಸಿ ಬುಡ ಮುಚ್ಚಿದೆ. ಒಬ್ಬೊಬ್ಬಳೂ ಅಂಗೈ ಮೇಲೆ ಕೂತರೆ ಕೈ ಜಗ್ಗುತ್ತಿತ್ತು.

ದೀಪಾವಳಿ ಕಳೆದು ಭಾವುಬೀಜ ಬಂತು. ಅವತ್ತು ಅಣ್ಣತಮ್ಮಂದಿರು ಅಕ್ಕತಂಗಿಯರ ಮನೆಗೆ ಊಟಕ್ಕೆ ಹೋಗಬೇಕು, ಕಾರವಾರದ ಕಡೆ ಅದು ತಪ್ಪುವುದಿಲ್ಲ. ಅಪ್ಪ ಅತ್ತೆಯ ಮನೆಗೆ ಹೊರಟ. ನಾನೂ ಬರುತ್ತೇನೆ ಎಂದು ಹಟ ಹಿಡಿದೆ. ಸೈನ್ಯವನ್ನು ಬುಟ್ಟಿಯಲ್ಲಿ ಭತ್ತದ ಹೊಟ್ಟಿನ ನಡುವೆ ಮಲಗಿಸಿ ತೊಡೆಯ ಮೇಲೆ ಇಟ್ಟುಕೊಂಡು ಮೋಟಾರಿನಲ್ಲಿ ಕೂತೆ. ಅಮದಳ್ಳಿ ದಾಟುವಾಗ ರಸ್ತೆಯ ಹೊಂಡಕ್ಕೆ ಎಲ್ಲರೂ ಒಂದು ಮೊಳ ಮೇಲೆ ಹಾರಿದೆವು. ನಾನು ಬುಟ್ಟಿಯನ್ನು ಅಪ್ಪಿಕೊಂಡೆ.

ಪಕ್ಕದಲ್ಲಿದ್ದ ಮುದುಕ ಕೇಳಿದ, "ಎಂತದೇ ತಂಗಿ, ಕೋಳಿಮೊಟ್ಟೆಯಾ?"

"ಅಲ್ಲ, ಹೆಂಗಸ್ರು" ಎಂದೆ. ಅವನು ಸ್ವಲ್ಪ ಆಚೆ ಸರಿದು ಕೂತ.

ಶಿರವಾಡದಲ್ಲಿ ಅತ್ತೆಯ ಮನೆಯ ಮೆಟ್ಟಿಲು ಹತ್ತಿದವಳು ಅಲ್ಲೇ ನಿಂತುಬಿಟ್ಟೆ. ಕಾಳಿ ಹೊಳೆಯ ಕಡೆಯಿಂದ ಜೋರು ಗಾಳಿ. ಗಾಳಿಗೆ ಬಾಗಿಲು ಬಡಿಯದಂತೆ ಕೆಳಗೆ ಏನನ್ನೋ ಸಿಕ್ಕಿಸಿದ್ದರು. ಬಗ್ಗಿ ನೋಡಿದೆ. ನನ್ನ ದಳವಾಯಿ! ತಲೆ ಕೆಳಗಾಗಿ, ರುಮಾಲು ಬಾಗಿಲಡಿ ಸಿಕ್ಕಿ, ಮುಖವೆಲ್ಲ ಧೂಳು. ಅಜ್ಜನ ಹೆಬ್ಬೆರಳು ದಿನಾ ಸವರುತ್ತಿದ್ದ ಮೂಗಿಗೆ ಮಂದಿಯ ಕಾಲಿನ ಮಣ್ಣು ಮೆತ್ತಿತ್ತು. ಕಣ್ಣಲ್ಲಿ ನೀರು ಬಂತು, ಆದರೆ ನಾನು ಅಳಲಿಲ್ಲ. ಎಳೆದು ಕಿತ್ತುಕೊಳ್ಳಲೂ ಇಲ್ಲ. ಯುದ್ಧ ಮಾಡಿಯೇ ಬಿಡಿಸಬೇಕು.

ಬಾವ ಒಳಗಿನಿಂದ ಬಂದ. ಅವನ ಶಾಲೆಯ ಗೆಳೆಯರಿಬ್ಬರು ಹಿಂದೆ.

"ಅಗೋ, ಗಜನಿ ಏಡಿ ಬಂತು! ಎಂತ ತಂದ್ಯೇ, ಕೆಸರಾ?"

"ದಳವಾಯಿನ ಬಿಡ್ಸ್ಕಂಡು ಹೋಗೂಕೆ ಬಂದೆ. ಹಲಗೆ ಹಾಕು."

"ಅಂವ ಬಾಗ್ಲು ಕಾಯ್ತಾ ಇದ್ದ. ಒಳ್ಳೆ ನೌಕರಿ ಕೊಟ್ಟಿದ್ದೆ ಅಲ್ದಾ?" ಗೆಳೆಯರು ನಕ್ಕರು. "ಆಯ್ತು, ಆಡುವಾ. ಆದ್ರೆ ನೀ ಸೋತ್ರೆ ಅಂವನ್ನ ಕಾಳಿ ಹೊಳೆಗೆ ಎಸೀತೆ. ಮತ್ತೆ ಮತ್ತೆ ಬಂದು ಗೋಳು ಹೊಯ್ಕೊಳ್ಳೂದು ಬೇಡ."

"ನಾ ಗೆದ್ರೆ?"

"ನೀ ಗೆದ್ರೆ ಅಂವನ್ನೂ ತಕ್ಕೊ, ನನ್ನ ಕಪ್ತಾನನ್ನೂ ತಕ್ಕೊ. ಕುದುರೆ ಸಮೇತ!"

ನಾನು ಹೊಟ್ಟಿನಿಂದ ಒಬ್ಬೊಬ್ಬರನ್ನೇ ತೆಗೆದು ಹಲಗೆಯ ಮೇಲೆ ಕೂರಿಸಿದೆ. ಗೆಳೆಯರಲ್ಲೊಬ್ಬ ಬಗ್ಗಿ ನೋಡಿ, "ಹೆ ಕಿತೆ ಗೋ?" ಎಂದ. ಇದೇನೇ ಎಂದು ಕೊಂಕಣಿಯಲ್ಲಿ ಕೇಳಿದ್ದು. ಬಾವ ಬಿದ್ದು ಬಿದ್ದು ನಕ್ಕ. "ಸೈನ್ಯ ಅಲ್ವೋ ಇದು, ಅಂಕೋಲೆ ಸಂತೆ!"

ನಗಲಿ ಎಂದುಕೊಂಡೆ. ಮುಂದೆ ಅಳುವವರು ಮೊದಲು ಚೆನ್ನಾಗಿ ನಕ್ಕಿರಬೇಕು.

ಅವನೇ ಶುರು ಮಾಡಿದ. ಅವನ ಗೇಣು ನನ್ನದಕ್ಕಿಂತ ದೊಡ್ಡದು, ಸರಸರ ಮುಂದೆ ಬಂದ. ನಾನು ನನ್ನವರನ್ನು ಕದಲಿಸಲಿಲ್ಲ. ಬರಲಿ, ಇನ್ನೂ ಹತ್ತಿರ ಬರಲಿ. ಅವನು ಮೀನಿನವಳಿಗೆ ಗುರಿಯಿಟ್ಟು ಚಿಮ್ಮಿದ. ಟಣ್! ಕಾಯಿ ಹಿಂದಕ್ಕೆ ಹಾರಿತು. ಅವಳು ಕೂತೇ ಇದ್ದಳು. ಮತ್ತೊಂದು. ಟಣ್! ಬೈಯುವವಳಿಗೆ ಹೊಡೆದ, ಅವಳು ಅಲ್ಲೇ ಕಾಲು ಸುತ್ತು ತಿರುಗಿ ಅವನ ಕಡೆಗೇ ಮುಖ ಮಾಡಿದಳು. ಅವನ ಗೆಳೆಯರಿಗೆ ನಗು ತಡೆಯಲಾಗಲಿಲ್ಲ. ಈ ಸಲ ನಕ್ಕಿದ್ದು ಅವನನ್ನು ನೋಡಿ.

ನಾನು ಮಂಡಿಯೂರಿದೆ. ಮೊದಲ ಕಾಯಿ ಚಿಮ್ಮಿದೆ, ಕೆಂಪು ಅಂಗಿಯವನ ಟೋಪಿಗೆ. ಅಷ್ಟು ಹತ್ತಿರದಿಂದ ತಲೆಗೆ ಬಿದ್ದರೆ ಸೀಸವಾದರೇನು? ಮಲಗಿದ. ಎರಡನೆಯವನು, ಮೂರನೆಯವನು. ನಿಂತವನು ಬೀಳಲೇಬೇಕಲ್ಲವೇ! ಆಷಾಢದ ಅಷ್ಟೂ ಹೊಡೆತ ನನ್ನ ಬೆರಳಲ್ಲಿತ್ತು.

ಆರು ಮಂದಿ ಬಿದ್ದಾಗ ಬಾವ ಎದ್ದು ನಿಂತ. ಮುಖ ಕೆಂಪಾಗಿತ್ತು. "ಮೋಸ! ಇವ್ರ ಹೊಟ್ಟೇಲಿ ಎಂತದೋ ತುಂಬಿದ್ಯೆ ನೀನು!"

"ನಿನ್ನವ್ರ ಹೊಟ್ಟೇಲಿ ಸೀಸ ಅದೆ, ನಾ ಕೇಳ್ದ್ನಾ? ನನ್ನವ್ರು ಗಂಜಿ ಉಂಡು ಬಂದವ್ರೆ."

"ಅದೆಲ್ಲ ಇಲ್ಲ. ಕೂತವ್ರು ಅಂದ್ರೆ ಬಿದ್ದ ಹಾಗೇ ಲೆಕ್ಕ. ಎಲ್ರೂ ಮೊದ್ಲೇ ಸತ್ತವ್ರೆ! ನೀ ಸೋತೆ!" ಎಂದವನೇ ಬಾಗಿಲ ಕಡೆ ಹೋಗಿ ದಳವಾಯಿಯನ್ನು ಕಿತ್ತು ಕೈಯಲ್ಲಿ ಹಿಡಿದುಕೊಂಡ. ಬಾಗಿಲು ಧಡ್ ಎಂದು ಬಡಿಯಿತು. ನನ್ನ ಎದೆ ಅದಕ್ಕಿಂತ ಜೋರಾಗಿ ಬಡಿಯಿತು. ಹೊಳೆ ಅಲ್ಲಿಂದ ಎಷ್ಟು ದೂರ?

ಬಾಗಿಲಿನ ಸದ್ದಿಗೆ ಅತ್ತೆ ಅಡುಗೆಮನೆಯಿಂದ ಕೂಗಿದಳು, "ಎಂತದ್ರೋ ಗಲಾಟೆ?" ಅವಳು ತುರಿಮಣೆಯ ಮೇಲೆ ಕೂತು ಕಾಯಿ ತುರಿಯುತ್ತಿದ್ದಳು. ನಾನು ಓಡಿ ಹೋಗಿ ಎದುರು ನಿಂತೆ.

"ಅತ್ತೆ, ಕೂತವ್ರು ಸತ್ತ ಹಾಗೆ ಅಂತ ಬಾವ ಹೇಳ್ತ. ಹೌದಾ?"

ಅತ್ತೆ ಕಾಯಿ ತುರಿಯುವುದು ನಿಲ್ಲಿಸಲಿಲ್ಲ. ಮಗನನ್ನು ಮೇಲಿಂದ ಕೆಳಗೆ ನೋಡಿದಳು. "ನಾ ಬೆಳಗಾಗೆದ್ದು ಕೂತವ್ಳು ಇನ್ನೂ ಎದ್ದಿಲ್ಲ. ಬೀಸೂದು ಕೂತು, ತುರಿಯೂದು ಕೂತು, ಸುಡೂದು ಕೂತು. ನಾ ಸತ್ತಿದ್ನೇನೋ? ಸತ್ತವ್ಳ ಕೈ ಊಟ ನಿಂಗೆ ಬೇಡ, ಅಲ್ದಾ? ಹೋಗು, ಎಲೆ ಮಡಚು!"

ಗೆಳೆಯರು ಗೋಡೆಗೆ ಒರಗಿಕೊಂಡು ನಕ್ಕರು. ಬಾವ ಬಂದು ದಳವಾಯಿಯನ್ನು ಹಲಗೆಯ ಅಂಚಿನಲ್ಲಿಟ್ಟು ಕೂತ. ಮುಂದೆ ನಡೆದದ್ದು ಯುದ್ಧವಲ್ಲ, ಭತ್ತದ ಒಕ್ಕಣೆ. ಅವನು ಹೊಡೆದದ್ದೆಲ್ಲ ತಪ್ಪುತ್ತಿತ್ತು. ನಾನು ಅವಸರ ಮಾಡಲಿಲ್ಲ. ಪ್ರತಿಯೊಬ್ಬನನ್ನು ಬೀಳಿಸುವಾಗಲೂ ಬಾವನ ಮುಖ ನೋಡಿ, ಆಮೇಲೆ ಚಿಮ್ಮಿದೆ. ಹನ್ನೆರಡನೆಯವನೂ ಮಲಗಿದ. ಹಿಂದೆ ಕುದುರೆಯ ಮೇಲೆ ಕಪ್ತಾನ ಒಬ್ಬನೇ ಉಳಿದ. ಅವನನ್ನು ಹೊಡೆಯಬೇಕಾಗಿರಲಿಲ್ಲ, ಅವನು ಸೆರೆ. ಆದರೂ ಒಂದು ಕಾಯಿ ಚಿಮ್ಮಿದೆ, ಸರಿಯಾಗಿ ಮೀಸೆಗೆ. ಇಷ್ಟು ತಿಂಗಳು ಕಾದ ಕಾಯಿ ಅದು, ಹಾಗೇ ಬಿಡಲಾಗುತ್ತದೆಯೇ?

"ಏಡಿ ಕಚ್ಚಿದ್ರೆ ಬಿಡೂದಿಲ್ಲ ಬಾವ, ಗುತ್ತಿಲ್ದಾ?" ಎಂದೆ.

ಅವತ್ತು ಅತ್ತೆ ಮಾಡಿದ ಪಾಯಸವನ್ನು ಬಾವ ಮುಟ್ಟಲಿಲ್ಲ. ಅವನ ಪಾಲನ್ನೂ ನಾನೇ ಉಂಡೆ.

ಅಂಕೋಲೆಗೆ ಬಂದ ಸಂಜೆ ಅಜ್ಜ ಜಗಲಿಯ ಮೇಲೆ ಕೂತಿದ್ದ. ಕೇಳಲಿಲ್ಲ. ನಾನೇ ದಳವಾಯಿಯನ್ನು ಅವನ ಕೈಯಲ್ಲಿಟ್ಟೆ. ಮೋಟಾರಿನಲ್ಲಿ ಬರುವಾಗಲೇ ಲಂಗದ ಅಂಚಿನಿಂದ ಬೊಂಬೆಯ ಮುಖ ಒರೆಸಿದ್ದೆ. ಹೆಬ್ಬೆರಳು ಮೇಲೆ ಹೋಯಿತು, ಮೂಗಿನ ಮುರುಕಿಗೆ ತಾಗಿತು, ಅಲ್ಲೇ ನಿಂತಿತು. ಬಹಳ ಹೊತ್ತು ನಿಂತಿತು.

"ಜ್ವರ ಬಿಟ್ಟದೆ" ಎಂದ ಅಜ್ಜ. ಆಮೇಲೆ ದಳವಾಯಿಯನ್ನು ನನಗೆ ಕೊಡದೆ ತನ್ನ ತೊಡೆಯ ಮೇಲೆಯೇ ಇಟ್ಟುಕೊಂಡ. ಅವತ್ತೊಂದು ದಿನ.

ಇನ್ನು ಕಪ್ತಾನ. ನೀವು ಕೇಳೇ ಕೇಳುತ್ತೀರಿ. ಅಜ್ಜ ಮಲಗುವ ಮಂಚದ ಒಂದು ಕಾಲು ಗಿಡ್ಡ. ಅವನು ಮಗ್ಗುಲಾದಾಗಲೆಲ್ಲ ಮಂಚ ಟಕ್ ಟಕ್ ಎನ್ನುತ್ತಿತ್ತು. ನಾನು ಕಪ್ತಾನನನ್ನು ಕುದುರೆ ಸಮೇತ ಆ ಕಾಲಿನ ಕೆಳಗೆ ಇಟ್ಟೆ. ಬಾಗಿಲಿಗೆ ಬದಲು ಮಂಚ. ಸೀಸ ಮೆತ್ತಗಿನ ವಸ್ತು. ಅವತ್ತಿನಿಂದ ಮಂಚದ ಸದ್ದು ನಿಂತಿತು.

ಮರುವರ್ಷ ಬೇಸಿಗೆಗೆ ಬಾವ ಬಂದ. ಬೂಟು ಬಿಚ್ಚುವ ಮೊದಲೇ ಮೆಲ್ಲಗೆ ಕೇಳಿದ, "ನನ್ನ ಕಪ್ತಾನ ಎಲ್ಲವ್ನೆ?"

"ಅಜ್ಜನ ಮಂಚದ ಕೆಳ್ಗೆ ನೌಕರಿ ಮಾಡ್ತ ಇದ್ದ. ನೋಡ್ಬೇಕಾದ್ರೆ ಅಜ್ಜ ಏಳ್ಲಿ."

ಅಜ್ಜ ಮಧ್ಯಾಹ್ನದ ನಿದ್ದೆಯಲ್ಲಿದ್ದ. ಬಾವ ಮಂಚದ ಪಕ್ಕ ಕೂತು ಕಾದ. ಅಜ್ಜ ಎದ್ದ, ಕೂತ, ಇಳಿಯಲಿಲ್ಲ. ನೀರು ಕೇಳಿದ, ಕುಡಿದ. ಎಲೆಯಡಿಕೆ ಕೇಳಿದ, ನಿಧಾನವಾಗಿ ಅಗಿದ. ಮತ್ತೆ ಮಲಗಿದ. ಅವನ ತುಟಿಯ ಅಂಚು ಕುಣಿಯುತ್ತಿದ್ದುದು ನನಗೆ ಕಾಣುತ್ತಿತ್ತು. ಬಿಸಿಲು ಜಗಲಿಯಿಂದ ಇಳಿದು ಅಂಗಳದಾಚೆ ಹೋದ ಮೇಲೆ ಅಜ್ಜ ಎದ್ದು ಕೋಲು ಹಿಡಿದು ಹೊರಗೆ ಹೋದ. ಬಾವ ಎರಡೂ ಕೈಯಿಂದ ಮಂಚ ಎತ್ತಿ ಕಾಲಿನ ಕೆಳಗಿನಿಂದ ಅವನನ್ನು ತೆಗೆದ.

ಕುದುರೆ ಎಲ್ಲಿ ಮುಗಿದಿದೆ, ಸವಾರ ಎಲ್ಲಿ ಶುರುವಾಗಿದ್ದಾನೆ ಎಂದು ಗೊತ್ತಾಗದಂತೆ ಚಪ್ಪಟೆ, ದೋಸೆಯ ಹಾಗೆ. ಬಣ್ಣದ ಮೀಸೆ ಮಾತ್ರ ಒಂದು ಕಡೆ ಅಂಟಿಕೊಂಡು ಉಳಿದಿತ್ತು. ಬಾವ ಅದನ್ನು ಅಂಗೈಯಲ್ಲಿಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡಿದ. ಇಷ್ಟು ವರ್ಷದ ಮೇಲೆ ಪಾಪ ಎನ್ನಿಸಿತು ಎಂದು ಬರೆಯಬಹುದಿತ್ತು. ಬರೆದರೆ ಸುಳ್ಳಾಗುತ್ತದೆ.

"ನೋಡಿ ಆಯ್ತಲ್ಲ, ಬಾವ?" ಎಂದೆ. "ಇದ್ದಲ್ಲೇ ಇಡು. ಅಜ್ಜ ಬರೂ ಹೊತ್ತಾಯ್ತು."